ಕಪ್ಪಾದ ಬಾಳೆಹಣ್ಣು, ಮೆತ್ತಗಾದ ಪಪಾಯ: ಎಸೆಯುವ ಮುಂಚೆ ಏನೇನು ಮಾಡಬಹುದು?

ಪ್ರಶ್ನೆ: ವರಮಹಾಲಕ್ಷ್ಮಿ ಹಬ್ಬದಿಂದ ಗಣೇಶನ ಹಬ್ಬದವರೆಗೆ ನಮ್ಮ ಮನೆಗೆ ತಾಂಬೂಲದ ಬಾಳೆಹಣ್ಣು ಬರುತ್ತಲೇ ಇರುತ್ತದೆ. ಜೊತೆಗೆ ಪಪಾಯ, ಅನಾನಸ್, ಸೀತಾಫಲ, ಸೇಬು. ಮೂರು ದಿನ ಕಳೆದರೆ ಬಾಳೆಹಣ್ಣು ಕಪ್ಪಾಗುತ್ತದೆ, ಮಕ್ಕಳು ಮುಟ್ಟುವುದಿಲ್ಲ. ದೇವರ ಮುಂದೆ ಇಟ್ಟ ಹಣ್ಣು, ಎಸೆಯಲು ಮನಸ್ಸು ಬರುವುದಿಲ್ಲ. ಒಮ್ಮೆ ಎಲ್ಲ ಸೇರಿಸಿ ಜಾಮ್ ಮಾಡಿದೆ. ಗಟ್ಟಿಯಾಗಲೇ ಇಲ್ಲ, ಪಾಯಸದ ಹಾಗೆ ಹರಿಯಿತು. ಇಷ್ಟು ಕಳಿತ ಹಣ್ಣು ತಿಂದರೆ ಏನೂ ಆಗೋದಿಲ್ವಾ? ಏನೇನು ಮಾಡಬಹುದು? ಮನೆಯಲ್ಲಿ ಅತ್ತೆಗೆ ಶುಗರ್ ಇದೆ, ಅವರಿಗೆ ಕೊಡಬಹುದೇ?
(ಮೈಸೂರಿನಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಜಾಮ್ ಹರಿದದ್ದಕ್ಕೂ, ಮಕ್ಕಳು ಆ ಬಾಳೆಹಣ್ಣು ಮುಟ್ಟದೆ ಇದ್ದದ್ದಕ್ಕೂ ಕಾರಣ ಒಂದೇ. ಅಷ್ಟು ಹೊತ್ತಿಗೆ ಹಣ್ಣು ಬೇರೆಯೇ ಪದಾರ್ಥ ಆಗಿಬಿಟ್ಟಿರುತ್ತದೆ.

ಬಾಳೆಕಾಯಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಪಿಷ್ಟವೇ. ಹಣ್ಣಾಗುತ್ತಾ ಹೋದಂತೆ ಅದು ಸಕ್ಕರೆಯಾಗುತ್ತದೆ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ತುಂಬುವ ಹೊತ್ತಿಗೆ ನೂರರಲ್ಲಿ ಒಂದೆರಡು ಭಾಗ ಪಿಷ್ಟ ಉಳಿದರೆ ಜಾಸ್ತಿ. ಅದೇ ಸಮಯಕ್ಕೆ ಹಣ್ಣಿನ ಮೈಯನ್ನು ಹಿಡಿದಿಟ್ಟುಕೊಂಡ ಪೆಕ್ಟಿನ್ ಎಂಬ ಅಂಟು ಕರಗುತ್ತಾ ಬರುತ್ತದೆ. ಒತ್ತಿದರೆ ಬೆರಳು ಒಳಗೆ ಹೋಗುವುದು ಅದಕ್ಕೇ. ಮಾವಿನಂಥ ಹಣ್ಣಿನಲ್ಲಿ ಹುಳಿಯೂ ಇಳಿದುಹೋಗುತ್ತದೆ. ಕೊನೆಗೆ ಉಳಿಯುವುದು ಸಿಹಿ, ಪರಿಮಳ, ನೀರು. ಅಂದರೆ ಒಂದು ಥರ ಒದ್ದೆ ಬೆಲ್ಲ.

ಕಳಿತ ಹಣ್ಣನ್ನು ಹೆಚ್ಚಿ ತಟ್ಟೆಯಲ್ಲಿಟ್ಟು ಮಕ್ಕಳ ಮುಂದೆ ತಳ್ಳಿದರೆ ಯಾರು ತಿನ್ನುತ್ತಾರೆ? ಬೆಲ್ಲವನ್ನು ಹಾಗೆ ತಟ್ಟೆಯಲ್ಲಿಟ್ಟು ಕೊಡುತ್ತೇವಾ? ಬೆಲ್ಲಕ್ಕೆ ಹಿಟ್ಟು ಬೇಕು, ಕಾಯಿ ಬೇಕು, ಇಲ್ಲವೇ ಹುಳಿ ಖಾರ ಬೇಕು. ಈ ಹಣ್ಣಿಗೂ ಅಷ್ಟೇ. ಅದು ಏನು ಕಳಕೊಂಡಿದೆಯೋ ಅದನ್ನು ನೀವು ಹೊರಗಿನಿಂದ ಕೊಡಬೇಕು. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಇದನ್ನೇ, ಪೆಕ್ಟಿನ್ ಗಿಕ್ಟಿನ್ ಹೆಸರು ಹೇಳುತ್ತಿರಲಿಲ್ಲ ಅಷ್ಟೇ.

ಮೊದಲು ತಿನ್ನಬಹುದೋ ಇಲ್ಲವೋ ಅನ್ನುವುದನ್ನು ಮುಗಿಸೋಣ. ಬಾಳೆಹಣ್ಣಿನ ಸಿಪ್ಪೆ ಪೂರ್ತಿ ಕಪ್ಪಾದರೂ ಹೆದರಬೇಡಿ. ಸಿಪ್ಪೆ ಸುಲಿದು ನೋಡಿ. ತಿರುಳು ಕೆನೆ ಬಣ್ಣ ಇದ್ದರೆ, ಅಥವಾ ಅಲ್ಲಲ್ಲಿ ಕಂದು ಆಗಿದ್ದರೂ ಸಿಹಿ ವಾಸನೆ ಬರುತ್ತಿದ್ದರೆ ಧಾರಾಳವಾಗಿ ಬಳಸಿ. ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣು ಒಂದೇ ರಾತ್ರಿಗೆ ಕಪ್ಪಾಗುವುದು ಕೆಟ್ಟಿದ್ದರಿಂದ ಅಲ್ಲ. 12-13 ಡಿಗ್ರಿಗಿಂತ ಕಡಿಮೆ ಚಳಿಯನ್ನು ಅದರ ಸಿಪ್ಪೆ ತಡೆಯುವುದಿಲ್ಲ. ಒಳಗೆ ಹಣ್ಣು ಚೆನ್ನಾಗಿಯೇ ಇರುತ್ತದೆ.

ಎಸೆಯಬೇಕಾದದ್ದು ಯಾವುದು? ಬೂಸ್ಟು ಹಿಡಿದದ್ದು. ತೊಟ್ಟಿನ ಹತ್ತಿರ ಬಿಳಿ ಹತ್ತಿಯ ಹಾಗೆ, ಹಸಿರು ಪುಡಿಯ ಹಾಗೆ ಕಂಡರೆ ಮುಗಿಯಿತು. ಗಟ್ಟಿ ತರಕಾರಿಯಲ್ಲಾದರೆ ಆ ಭಾಗವನ್ನು ದಪ್ಪಗೆ ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು. ಮೆತ್ತನೆಯ ಹಣ್ಣಿನಲ್ಲಿ ಆ ಎಳೆಗಳು ಕಣ್ಣಿಗೆ ಕಾಣದ ಹಾಗೆ ಒಳಗೆ ಇಳಿದಿರುತ್ತವೆ. ಸೇಬಿನ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಕೊಳೆತ ಸೇಬಿನಲ್ಲಿ ಬೆಳೆಯುವ ಒಂದು ಬೂಸ್ಟು ಪ್ಯಾಟುಲಿನ್ ಅನ್ನುವ ವಿಷ ಬಿಡುತ್ತದೆ. ಅದು ಕುದಿಸಿದರೆ ಹೋಗುವಂಥದ್ದಲ್ಲ. "ಕೊಳೆತ ಭಾಗ ತೆಗೆದು ಉಳಿದದ್ದನ್ನು ಹಲ್ವ ಮಾಡಿದೆ" ಅನ್ನುವವರಿಗೆ ನಾನು ಯಾವಾಗಲೂ ಬೇಡ ಅಂತಲೇ ಹೇಳುತ್ತೇನೆ. ಸುಕ್ಕು ಬಿದ್ದ ಸೇಬು ಬೇರೆ, ಕೊಳೆತ ಸೇಬು ಬೇರೆ. ಸುಕ್ಕಾದದ್ದು ನೀರು ಕಳಕೊಂಡಿದೆ, ಅಷ್ಟೇ. ತುರಿದು ಅಕ್ಕಿಹಿಟ್ಟಿನ ಸಿಹಿ ರೊಟ್ಟಿಗೋ ಕೇಸರಿಬಾತಿಗೋ ಹಾಕಿ.

ಇನ್ನೊಂದು, ಕತ್ತರಿಸಿದ ಪಪಾಯ, ಕಲ್ಲಂಗಡಿ. ಇವೆರಡರಲ್ಲೂ ಹುಳಿ ತೀರಾ ಕಡಿಮೆ. ಹುಳಿ ಇದ್ದ ಕಡೆ ಕೆಟ್ಟ ಕ್ರಿಮಿಗಳು ಬೇಗ ಬೆಳೆಯುವುದಿಲ್ಲ. ಹುಳಿ ಇಲ್ಲದ ಹಣ್ಣು ಕತ್ತರಿಸಿ ಹೊರಗಿಟ್ಟರೆ ಎರಡು ಗಂಟೆಯೊಳಗೆ ತಿಂದುಬಿಡಿ, ಇಲ್ಲ ಫ್ರಿಜ್ಜಿಗೆ ಇಡಿ. ಕಲ್ಲಂಗಡಿ ನಾಲಿಗೆ ಮೇಲೆ ಸೋಡಾ ಥರ ಚುರುಚುರು ಅಂದರೆ ಎರಡನೇ ತುಂಡು ಬಾಯಿಗೆ ಹಾಕಬೇಡಿ.

ಈಗ ನಿಮ್ಮ ಬಾಳೆಹಣ್ಣಿಗೆ ಬರೋಣ.

ಮೈಸೂರಿನ ತಾಂಬೂಲ ಅಂದಮೇಲೆ ಬಂದಿರುವುದು ಹೆಚ್ಚಾಗಿ ಏಲಕ್ಕಿ ಬಾಳೆಯೇ ಇರುತ್ತದೆ. ಕೆಲವರು ಪುಟ್ಟಬಾಳೆ ಅನ್ನುತ್ತಾರೆ. ಇದು ಕಳಿತರೆ ಚಿಪ್ಪಿನಿಂದ ಒಂದೊಂದೇ ಉದುರಿ ಬೀಳುತ್ತದೆ. ತೊಟ್ಟಿನ ಕಡೆ ಸಿಪ್ಪೆ ಬಾಯಿ ಬಿಡುತ್ತದೆ, ಅಲ್ಲಿಗೆ ನೊಣ ಕೂರುತ್ತದೆ. ಹಾಗೆ ಉದುರುವುದಕ್ಕೆ ಶುರುವಾದ ದಿನವೇ ನೀವು ಕೈ ಹಾಕಬೇಕು. ಇನ್ನೊಂದು ದಿನ ನೋಡೋಣ ಅಂದರೆ ಕೈಗೆ ಸಿಗುವುದು ನೊಣ ಮಾತ್ರ. ಪಚ್ಚಬಾಳೆ ಇದಕ್ಕಿಂತ ತಾಳ್ಮೆಯ ಹಣ್ಣು. ಹೊರಗೆ ಕಪ್ಪಾದಮೇಲೂ ಎರಡು ದಿನ ಕಾಯುತ್ತದೆ. ಕೆಳಗೆ ಎರಡು ಪಚ್ಚಬಾಳೆ ಅಂತ ಬರೆದ ಕಡೆ ನಾಲ್ಕೈದು ಏಲಕ್ಕಿ ಅಂತ ಓದಿಕೊಳ್ಳಿ.

ನನಗೆ ಕೇಳಿದರೆ ಕಪ್ಪು ಬಾಳೆಹಣ್ಣಿಗೆ ಮೊದಲ ಮರ್ಯಾದೆ ಮಂಗಳೂರು ಬನ್ಸ್. ಉಡುಪಿ, ಮಂಗಳೂರಿನ ಹೋಟೆಲುಗಳಲ್ಲಿ ಬೆಳಗ್ಗೆ ಸಿಗುತ್ತದಲ್ಲ, ಪೂರಿಗಿಂತ ದಪ್ಪ, ಮುರಿದರೆ ಒಳಗೆ ಬಲೆಯ ಹಾಗೆ ಇರುವಂಥದ್ದು. ಚೆನ್ನಾಗಿರುವ ಹಳದಿ ಹಣ್ಣು ಹಾಕಿದರೆ ಇದು ಸಪ್ಪೆ. ಇದಕ್ಕೆ ಕಪ್ಪು ಹಣ್ಣೇ ಬೇಕು.

ರಾತ್ರಿ ಮಾಡಿಕೊಳ್ಳಬೇಕಾದ ಕೆಲಸ ಇದು. ಎರಡು ಪಚ್ಚಬಾಳೆಯನ್ನು ಕೈಯಲ್ಲೇ ಹಿಸುಕಿ. ಮಿಕ್ಸಿ ಬೇಡ, ಮಿಕ್ಸಿಗೆ ಹಾಕಿದರೆ ನೀರು ನೀರಾಗುತ್ತದೆ. ನಾಲ್ಕು ಚಮಚ ಸಕ್ಕರೆ ಹಾಕಿ ಇನ್ನೊಮ್ಮೆ ಹಿಸುಕಿ. ಸಕ್ಕರೆ ಕರಗುತ್ತಿದ್ದ ಹಾಗೆ ಅದು ಜೇನುತುಪ್ಪದ ಹದಕ್ಕೆ ಬರುತ್ತದೆ. ಈಗ ನಾಲ್ಕು ಚಮಚ ಹುಳಿ ಮೊಸರು, ಅರ್ಧ ಚಮಚ ಜೀರಿಗೆ, ಅರ್ಧ ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ಮೊಸರು ಹುಳಿ ಇರಲೇಬೇಕು. ಹಣ್ಣಿನಲ್ಲಿ ಸಾಕಷ್ಟು ಹುಳಿ ಇಲ್ಲ. ಹುಳಿಯಿಲ್ಲದೆ ಸೋಡಾ ಎದ್ದೇಳುವುದಿಲ್ಲ, ಬನ್ಸ್ ಸೋಪಿನ ರುಚಿ ಹೊಡೆಯುತ್ತದೆ. ಆಮೇಲೆ ಮೈದಾ. ಸುಮಾರು ಎರಡು ಲೋಟ ಹಿಡಿಯುತ್ತದೆ. ಆದರೆ ಒಂದೇ ಸಲ ಸುರಿಯಬೇಡಿ, ಹಣ್ಣು ಕೇಳಿದಷ್ಟು ಕೊಡುತ್ತಾ ಹೋಗಿ. ನೀರು ಒಂದು ತೊಟ್ಟೂ ಬೇಡ. ಕೊನೆಗೆ ಒಂದು ಚಮಚ ತುಪ್ಪ ಸವರಿ ನಾದಿ. ಹಿಟ್ಟು ಚಪಾತಿಗಿಂತ ಮೆತ್ತಗೆ, ಕೈಗೆ ಸ್ವಲ್ಪ ಅಂಟುವ ಹಾಗೆ ಇರಬೇಕು. ಮುಚ್ಚಿಡಿ.

ಬೆಳಗ್ಗೆ ತೆಗೆದು ನೋಡಿದರೆ ಹಿಟ್ಟು ಇನ್ನೂ ಸಡಿಲ ಆಗಿರುತ್ತದೆ. ಎಲ್ಲರೂ ಗಾಬರಿ ಆಗುವುದು ಇಲ್ಲೇ. ಗಾಬರಿ ಬೇಡ, ಒಂದೆರಡು ಚಮಚ ಮೈದಾ ಉದುರಿಸಿ ಮೆಲ್ಲಗೆ ಸೇರಿಸಿಕೊಳ್ಳಿ. ನಿಂಬೆ ಗಾತ್ರದ ಉಂಡೆ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಎಣ್ಣೆ ಹದವಾಗಿ ಕಾದಿರಲಿ. ಪೂರಿ ಥರ ಹೊಗೆ ಬರುವ ಎಣ್ಣೆಗೆ ಹಾಕಿದರೆ ಹಣ್ಣಿನ ಸಕ್ಕರೆ ಅರ್ಧ ನಿಮಿಷದಲ್ಲಿ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬನ್ಸ್ ಮೇಲೆ ತೇಲಿದ ಕೂಡಲೇ ಸೌಟಿನಿಂದ ಮೆಲ್ಲಗೆ ಎಣ್ಣೆ ಚಿಮುಕಿಸಿ. ಅದು ಉಬ್ಬುವುದನ್ನು ನೋಡುವುದೇ ಒಂದು ಖುಷಿ. ಬಣ್ಣ ಪೂರಿಗಿಂತ ಗಾಢ, ಇಟ್ಟಿಗೆ ಕೆಂಪು ಬರಬೇಕು. ತೆಂಗಿನಕಾಯಿ ಚಟ್ನಿ ಖಾರವಾಗಿ ಮಾಡಿ. ಸಿಹಿ ಬನ್ಸಿಗೆ ಖಾರದ ಚಟ್ನಿಯೇ ಜೋಡಿ.

ಕರಿದದ್ದು ಬೇಡ ಅನ್ನುವವರಿಗೆ ಪಡ್ಡಿನ ಹಂಚಿನಲ್ಲಿ ಅಪ್ಪ. ಹಿಸುಕಿದ ಹಣ್ಣು, ಗೋಧಿಹಿಟ್ಟು, ಸ್ವಲ್ಪ ಅಕ್ಕಿಹಿಟ್ಟು, ಕಾಯಿತುರಿ, ಏಲಕ್ಕಿ, ಹಣ್ಣಿನ ಸಿಹಿ ಸಾಲದಿದ್ದರೆ ಬೆಲ್ಲ. ಗುಳಿಗೊಂದು ಅರ್ಧ ಚಮಚ ತುಪ್ಪ ಬಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ಇದು ಸ್ಕೂಲಿನ ಡಬ್ಬಿಗೆ ಹೇಳಿ ಮಾಡಿಸಿದ್ದು. ಬಾಳೆಹಣ್ಣು ಅಂತ ಹೇಳದೆ ಕೊಡಿ, ಮಕ್ಕಳು ತಿಂದಾದಮೇಲೆ ಹೇಳಿ.

ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಗೊತ್ತಲ್ವಾ? ಸಪಾದ ಅಂದರೆ ಒಂದೂಕಾಲು. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಎಲ್ಲವೂ ಒಂದೂಕಾಲು ಅಳತೆ. ಪೂಜೆ ಇಲ್ಲದ ದಿನ ಅಷ್ಟು ತುಪ್ಪಕ್ಕೆ ಧೈರ್ಯ ಸಾಲದು. ನಾನು ತುಪ್ಪ, ಸಕ್ಕರೆ ಎರಡನ್ನೂ ಅರ್ಧ ಮಾಡುತ್ತೇನೆ, ಹಣ್ಣನ್ನು ದುಪ್ಪಟ್ಟು ಮಾಡುತ್ತೇನೆ. ಒಂದು ಸಣ್ಣ ಗುಟ್ಟು: ಹಣ್ಣನ್ನು ಕೊನೆಯಲ್ಲಿ ಹಾಕಿ ಕಲಸುವುದಲ್ಲ, ಮೊದಲೇ ತುಪ್ಪದಲ್ಲಿ ಹುರಿಯಿರಿ. ಹಣ್ಣಿನ ಸಕ್ಕರೆ ತಳದಲ್ಲಿ ಸ್ವಲ್ಪ ಕೆಂಪಾಗಿ ಹಿಡಿಯಬೇಕು. ಆ ವಾಸನೆ ಬಂದಮೇಲೆ ಬಿಸಿ ಹಾಲು, ಆಮೇಲೆ ಹುರಿದ ರವೆ.

ಹಣ್ಣು ಒಂದು ಡಜನ್ನಿಗಿಂತ ಜಾಸ್ತಿ ಉಳಿದಿದ್ದರೆ ಹಲ್ವ. ದಪ್ಪ ತಳದ ಬಾಣಲೆ, ಮುಕ್ಕಾಲು ಗಂಟೆ ಪುರುಸೊತ್ತು, ಕೈಯಲ್ಲಿ ಶಕ್ತಿ ಬೇಕು. ಎಲ್ಲ ಹಣ್ಣನ್ನೂ ಹಿಸುಕಿ ಮೊದಲು ಒಣ ಬಾಣಲೆಯಲ್ಲೇ ನೀರು ಆರಿಸಿ, ಆಮೇಲೆ ತುಪ್ಪ, ಕೊನೆಗೆ ಸಕ್ಕರೆ. ಸಕ್ಕರೆ ಮೊದಲೇ ಹಾಕಿದರೆ ಮತ್ತೆ ನೀರು ಬಿಟ್ಟುಕೊಂಡು ಅರ್ಧ ಗಂಟೆ ಕೆಲಸ ಹೆಚ್ಚುತ್ತದೆ. ಬಣ್ಣಕ್ಕೆ ಏನೂ ಹಾಕಬೇಕಾಗಿಲ್ಲ, ತಾನಾಗಿ ಕೆಂಪಾಗುತ್ತದೆ. ಇಳಿಸುವ ಮುಂಚೆ ಅರ್ಧ ನಿಂಬೆಹಣ್ಣು ಹಿಂಡಿ. ಹಲ್ವಕ್ಕೆ ನಿಂಬೆಯಾ ಅಂತ ಮೂಗು ಮುರಿಯಬೇಡಿ. ಅದಿಲ್ಲದಿದ್ದರೆ ಎರಡನೇ ತುಂಡು ತಿನ್ನುವ ಹೊತ್ತಿಗೆ ಬಾಯಿ ಕಟ್ಟಿಬಿಡುತ್ತದೆ.

ಉತ್ತರ ಕರ್ನಾಟಕದ ಕಡೆಯವರಿಗೆ ಇಷ್ಟೆಲ್ಲ ರಗಳೆಯೇ ಇಲ್ಲ. ಹಣ್ಣು ಹಿಸುಕಿ, ಹಾಲು, ಸಕ್ಕರೆ, ಏಲಕ್ಕಿ ಸೇರಿಸಿದರೆ ಸೀಕರಣೆ, ಚಪಾತಿ ಅದ್ದಿಕೊಂಡು ಊಟ. ಕರಾವಳಿಯಲ್ಲಿ ಅದೇ ಹಣ್ಣು ತೆಂಗಿನಹಾಲು, ಬೆಲ್ಲ, ಹುರಿದ ಎಳ್ಳು ಸೇರಿ ರಸಾಯನ ಆಗುತ್ತದೆ, ದೋಸೆಗೆ ಜೊತೆ. ಹತ್ತು ನಿಮಿಷದ ಕೆಲಸ. ಆದರೆ ಎರಡನ್ನೂ ಮಾಡಿದ ಹೊತ್ತಿಗೇ ಮುಗಿಸಬೇಕು, ರಾತ್ರಿಗೆ ಇಡುವಂಥದ್ದಲ್ಲ.

ಸಿಹಿ ಸಾಕು ಅನ್ನಿಸಿದಾಗ ಸಾಸಿವೆ ಮಾಡಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಾವಿನಹಣ್ಣಿಗೆ, ಅನಾನಸಿಗೆ ಮಾಡುತ್ತಾರಲ್ಲ, ಅದೇ. ಅರ್ಧ ಬಟ್ಟಲು ಕಾಯಿತುರಿ, ಅರ್ಧ ಚಮಚ ಸಾಸಿವೆ, ಎರಡು ಒಣಮೆಣಸು ನುಣ್ಣಗೆ ರುಬ್ಬಿ. ಮೊಸರು, ಉಪ್ಪು ಸೇರಿಸಿ. ಅದಕ್ಕೆ ದಪ್ಪ ದಪ್ಪ ಹೆಚ್ಚಿದ ಬಾಳೆಹಣ್ಣು. ಒಲೆ ಹತ್ತಿಸುವುದೇ ಬೇಡ. ಹಸಿ ಸಾಸಿವೆಯ ಘಾಟು ಮೂಗಿಗೆ ಹತ್ತಬೇಕು, ಹಿಂದೆಯೇ ಹಣ್ಣಿನ ಸಿಹಿ ಬರಬೇಕು. ಬಿಸಿ ಅನ್ನಕ್ಕೆ ಕಲಸಿ ತಿಂದವರಿಗೆ ಆಮೇಲೆ ಸಾರು ನೆನಪಾಗುವುದಿಲ್ಲ. ಹಣ್ಣು ತೀರಾ ಕರಗಿದ್ದರೆ ಇದು ಹೊಂದುವುದಿಲ್ಲ, ಇನ್ನೂ ತುಂಡು ನಿಲ್ಲುವ ಹಂತದಲ್ಲೇ ಮಾಡಬೇಕು.

ನೀವು ಕೇಳಿಲ್ಲ, ಆದರೂ ಮಾವಿನ ಕಾಲಕ್ಕೆ ನೆನಪಿಟ್ಟುಕೊಳ್ಳಿ ಅಂತ ಒಂದು ಮಾತು. ಮೆತ್ತಗಾಗಿ ಹೋದ ಮಾವಿಗೆ, ಅದರಲ್ಲೂ ನಾರಿನ ಕಾಟುಮಾವಿಗೆ, ನೀರುಗೊಜ್ಜಿನಷ್ಟು ಒಳ್ಳೆಯದು ಬೇರೆ ಇಲ್ಲ. ಹಣ್ಣನ್ನು ಪಾತ್ರೆಯಲ್ಲಿ ಕೈಯಿಂದ ಹಿಂಡಿ, ಗೊರಟು ಒಳಗೇ ಇರಲಿ. ಉಪ್ಪು, ನುರಿದ ಹಸಿಮೆಣಸು, ಒಂದು ಲೋಟ ನೀರು. ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಊಟದ ಕೊನೆಗೆ ಗೊರಟು ಚೀಪುವುದಕ್ಕೆ ಮನೆಯಲ್ಲಿ ಜಗಳ ಆಗುತ್ತದೆ. ಇನ್ನೂ ಹೆಚ್ಚು ಹಣ್ಣಿದ್ದರೆ ಮಾಂಬಳ. ರಸವನ್ನು ಚಾಪೆ ಮೇಲೆ ತೆಳ್ಳಗೆ ಹರಡಿ, ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಪದರ. ಮಳೆ ಹಿಡಿಯುವ ಮುಂಚೆ, ಏಪ್ರಿಲ್-ಮೇ ಬಿಸಿಲಿನಲ್ಲಿ ಆಗಬೇಕಾದ ಕೆಲಸ. ಹಲಸಿನಲ್ಲಿ ಮೆತ್ತನೆಯ ತುಳುವ ಹಣ್ಣಿಗೂ ಹೀಗೇ ದಾರಿಗಳಿವೆ. ನೆನೆಸಿದ ಅಕ್ಕಿ, ಬೆಲ್ಲ, ಕಾಯಿ ಸೇರಿಸಿ ರುಬ್ಬಿ ಬಾಳೆಎಲೆಯಲ್ಲಿ ಬೇಯಿಸಿದರೆ ಕಡುಬು, ಎಣ್ಣೆಗೆ ಬಿಟ್ಟರೆ ಮುಳ್ಕ. ಬೆಲ್ಲ ಹಾಕಿ ಗಟ್ಟಿ ಕಾಯಿಸಿಟ್ಟರೆ ಬೆರಟಿ, ಮಳೆಗಾಲದಲ್ಲಿ ಅದರದೇ ಪಾಯಸ. ಮೈಸೂರಿನ ಫ್ಲ್ಯಾಟಿನಲ್ಲಿ ಹಲಸು ಬಿಡಿಸುವವರು ಕಡಿಮೆ, ಅದಕ್ಕೇ ಇಲ್ಲಿಗೆ ಬಿಡುತ್ತೇನೆ.

ಪಪಾಯ, ಅನಾನಸ್, ಸೀತಾಫಲ. ಈ ಮೂರರಲ್ಲೂ ಒಂದೊಂದು ತಕರಾರಿದೆ. ಅದು ಗೊತ್ತಿಲ್ಲದೆ ಮಾಡಿದ ಅಡುಗೆ ಹಾಳಾಗುತ್ತದೆ, ಬೈಗುಳ ಹಣ್ಣಿಗೆ.

ಅನಾನಸಿನಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ. ಇದು ಹಾಲು, ಮೊಸರಿನ ಪ್ರೋಟೀನನ್ನು ತುಂಡರಿಸುತ್ತದೆ. ಆ ತುಂಡುಗಳೇ ಕಹಿ. ಹಸಿ ಅನಾನಸನ್ನು ಹಾಲಿಗೋ ಕ್ರೀಮಿಗೋ ಹಾಕಿಟ್ಟರೆ ಸ್ವಲ್ಪ ಹೊತ್ತಿಗೇ ಒಡೆದು ಕಹಿಯಾಗುವುದು ಹೀಗೆ. ಪರಿಹಾರ ಸುಲಭ. ಹಣ್ಣನ್ನು ಹೆಚ್ಚಿ ಸ್ವಲ್ಪ ಸಕ್ಕರೆ ಜೊತೆ ಐದು ನಿಮಿಷ ಕುದಿಸಿ. ಕಿಣ್ವ ಸತ್ತುಹೋಗುತ್ತದೆ. ಆಮೇಲೆ ಕೇಸರಿಬಾತಿಗೆ, ಸಾಸಿವೆಗೆ, ಐಸ್‌ಕ್ರೀಮಿಗೆ, ಯಾವುದಕ್ಕೆ ಬೇಕಾದರೂ ಹಾಕಿ. ಆದರೆ ಕಳಿತ ಅನಾನಸು ಮೆಣಸ್ಕಾಯಿಗೆ ಹೋದರೆ ಅದರ ಜನ್ಮ ಸಾರ್ಥಕ. ಉದ್ದಿನಬೇಳೆ, ಎಳ್ಳು, ಒಣಮೆಣಸು ಹುರಿದು, ಕಾಯಿ ಜೊತೆ ರುಬ್ಬಿ, ಬೆಂದ ಹಣ್ಣಿಗೆ ಹಾಕಿ ಕುದಿಸುವುದು. ಹುಣಸೆಹುಳಿ ಸ್ವಲ್ಪ ಮುಂದಾಗಿಯೇ ಹಾಕಿ. ಬೆಲ್ಲವನ್ನು ಕೊನೆಯಲ್ಲಿ ರುಚಿ ನೋಡಿ ಹಾಕಿ, ಎಷ್ಟೋ ಸಲ ಬೇಕಾಗುವುದೇ ಇಲ್ಲ. ಎಳ್ಳು ಮಾತ್ರ ಕಡಿಮೆ ಮಾಡಬೇಡಿ, ಗಟ್ಟಿ ಬರುವುದು, ಪರಿಮಳ ಬರುವುದು ಎರಡೂ ಅದರಿಂದಲೇ.

ಪಪಾಯದಲ್ಲೂ ಇಂಥದ್ದೇ ಕಿಣ್ವ ಇದೆ, ಪಪೈನ್. ಅದು ಕಾಯಿಯ ಹಾಲಿನಲ್ಲಿ ಜಾಸ್ತಿ, ಹಣ್ಣಾದಂತೆ ಕಡಿಮೆ. ಆದರೂ ಪಪಾಯದ ಮಿಲ್ಕ್‌ಶೇಕ್ ಮಾಡಿದರೆ ಕೂಡಲೇ ಕುಡಿಯಿರಿ, ಇಟ್ಟರೆ ಕಹಿ. ಕಳಿತ ಪಪಾಯದ ದೊಡ್ಡ ಕೊರತೆ ಹುಳಿ. ಅದಕ್ಕೆ ಹಲವರಿಗೆ ಅದು ಹೇಸಿಗೆ ಅನ್ನಿಸುವುದು. ನಿಂಬೆರಸ, ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಜ್ಯೂಸ್ ಮಾಡಿ ನೋಡಿ, ಬೇರೆಯೇ ಹಣ್ಣು ಅನ್ನಿಸುತ್ತದೆ. ಹಲ್ವ ಮಾಡುವುದಾದರೆ ತುಂಬಾ ನೀರು ಆರಿಸಬೇಕು. ಬಾಳೆಹಣ್ಣಿನ ಹಲ್ವದ ಜೊತೆಗೇ ಅರ್ಧಕ್ಕರ್ಧ ಸೇರಿಸಿಬಿಡುವುದು ಜಾಣತನ.

ಸೀತಾಫಲವನ್ನು ಒಲೆಯ ಮೇಲೆ ಇಡಲೇಬೇಡಿ. ಬಿಸಿ ತಾಗಿದರೆ ಅದರ ತಿರುಳು ಕಹಿಯಾಗುತ್ತದೆ, ಪರಿಮಳವೂ ಹೋಗುತ್ತದೆ. ಎಷ್ಟು ಸಕ್ಕರೆ ಹಾಕಿದರೂ ಆ ಕಹಿ ಮುಚ್ಚುವುದಿಲ್ಲ. ಹಾಲನ್ನು ಅರ್ಧಕ್ಕೆ ಬತ್ತಿಸಿ, ಸಕ್ಕರೆ ಹಾಕಿ, ಪೂರ್ತಿ ಆರಿಸಿ, ಫ್ರಿಜ್ಜಿನಲ್ಲಿಟ್ಟು ತಣ್ಣಗಾದಮೇಲೆ ತಿರುಳು ಸೇರಿಸಿ. ಬೀಜ ತೆಗೆಯುವುದು ತಲೆನೋವು, ಒಪ್ಪುತ್ತೇನೆ. ದೊಡ್ಡ ಕಣ್ಣಿನ ಜರಡಿಯಲ್ಲಿ ಹಾಕಿ ಚಮಚದ ಬೆನ್ನಿನಿಂದ ಉಜ್ಜಿ. ಮಿಕ್ಸಿಗೆ ಹಾಕಿ ಬೀಜ ಒಡೆಯಬೇಡಿ. ಆ ಬೀಜದೊಳಗಿನದ್ದು ತಿನ್ನುವಂಥದ್ದಲ್ಲ.

ಇನ್ನು ಜಾಮ್. ಜಾಮ್ ಗಟ್ಟಿಯಾಗಬೇಕಾದರೆ ಮೂರು ಬೇಕು: ಪೆಕ್ಟಿನ್, ಹುಳಿ, ಸಕ್ಕರೆ. ನಿಮ್ಮ ಹಣ್ಣಿನಲ್ಲಿ ಮೊದಲನೆಯದು ಕರಗಿತ್ತು, ಎರಡನೆಯದು ಮೊದಲೇ ಕಡಿಮೆ. ಉಳಿದದ್ದು ಸಕ್ಕರೆ ಒಂದೇ. ಒಂದೇ ಕಾಲಿನ ಮೇಲೆ ಜಾಮ್ ನಿಲ್ಲುವುದಿಲ್ಲ. ಮುಂದಿನ ಸಲ ಕಳಿತ ಹಣ್ಣು ಮುಕ್ಕಾಲು ಪಾಲಾದರೆ ಕಾಲು ಪಾಲು ಇನ್ನೂ ಗಟ್ಟಿ ಇರುವ ಹಣ್ಣು ಹಾಕಿ. ದೋರೆ ಸೀಬೆಕಾಯಿ ಸಿಕ್ಕರೆ ಅದೇ ಸಾಕು, ಅದರಲ್ಲಿ ಪೆಕ್ಟಿನ್ ಧಾರಾಳ. ಸೇಬಿನ ಸಿಪ್ಪೆ, ನಡುವಿನ ಗಟ್ಟಿ ಭಾಗ ಇದ್ದರೆ ಬೀಜ ತೆಗೆದು ಬಟ್ಟೆಯಲ್ಲಿ ಕಟ್ಟಿ ಜಾಮ್ ಜೊತೆ ಕುದಿಸಿ, ಆಮೇಲೆ ಹಿಂಡಿ ತೆಗೆಯಿರಿ. ಒಂದು ಕಿಲೋ ತಿರುಳಿಗೆ ಎರಡು ನಿಂಬೆಹಣ್ಣಿನ ರಸ. ಮುಕ್ಕಾಲು ಕಿಲೋ ಸಕ್ಕರೆ ಬೇಕೇ ಬೇಕು. ಆರೋಗ್ಯಕ್ಕೆ ಅಂತ ಸಕ್ಕರೆ ಅರ್ಧ ಮಾಡಿದರೆ ಅದು ಜಾಮ್ ಅಲ್ಲ, ಬೇಯಿಸಿದ ಹಣ್ಣು. ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು. ಹೊರಗಿಟ್ಟರೂ ಕೆಡದ ಜಾಮಿನಲ್ಲಿ ಸಕ್ಕರೆ ಅಂಶ ನೂರಕ್ಕೆ 65ರ ಆಸುಪಾಸು ಇರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಪುಸ್ತಕಗಳಲ್ಲಿ ಜಾಮ್ 105 ಡಿಗ್ರಿಗೆ ಬಂದರೆ ಇಳಿಸಿ ಅಂತ ಬರೆದಿರುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ. 300 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯ ಲೆಕ್ಕದಲ್ಲಿ ನಿಮ್ಮಲ್ಲಿ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಜಾಮ್ 102-103ಕ್ಕೇ ಆಗಿರುತ್ತದೆ. 105 ಬರಲಿ ಅಂತ ಕಾದರೆ ಮಿಠಾಯಿ ಆಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಸ್ಟೀಲ್ ತಟ್ಟೆಯನ್ನು ಫ್ರೀಜರಿನಲ್ಲಿಡಿ. ಅದರ ಮೇಲೆ ಒಂದು ತೊಟ್ಟು ಜಾಮ್ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲೆ ಸುಕ್ಕು ಕಟ್ಟಿದರೆ ಇಳಿಸಿ. ಇವನ್ನೆಲ್ಲ ಶಾಸ್ತ್ರೀಯವಾಗಿ ಕಲಿಯುವ ಆಸೆ ಇದ್ದರೆ ನೀವು ಪುಣ್ಯವಂತರು. 1950ರಿಂದ ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ನಿಮ್ಮ ಊರಿನಲ್ಲೇ ಇದೆ.

ಹರಿದ ಜಾಮನ್ನು ಎಸೆದಿಲ್ಲ ತಾನೇ? ನಿಂಬೆರಸ, ಖಾರದಪುಡಿ, ಚೂರು ಶುಂಠಿ ಹಾಕಿ ಇನ್ನೊಂದು ಹತ್ತು ನಿಮಿಷ ಕಾಯಿಸಿದರೆ ಚಪಾತಿಗೆ ಸಿಹಿಖಾರ ಚಟ್ನಿ.

ಮಾಡುವುದಕ್ಕೆ ಪುರುಸೊತ್ತಿಲ್ಲದ ದಿನ ಫ್ರೀಜರ್. ಬಾಳೆಹಣ್ಣನ್ನು ಸಿಪ್ಪೆ ಸಮೇತ ಇಡಬೇಡಿ, ಆಮೇಲೆ ಕಲ್ಲಿನಂಥ ಹಣ್ಣಿನಿಂದ ಸಿಪ್ಪೆ ಕೆರೆಯುವ ಶಿಕ್ಷೆ ಯಾರಿಗೂ ಬೇಡ. ಸುಲಿದು, ಹಿಸುಕಿ, ಒಂದು ಚಮಚ ನಿಂಬೆರಸ ಬೆರೆಸಿ, ಒಂದು ಸಲದ ಬನ್ಸಿಗೆ ಬೇಕಾಗುವಷ್ಟನ್ನೇ ಒಂದೊಂದು ಡಬ್ಬಿಗೆ ಹಾಕಿ. ದಿನಾಂಕ ಬರೆದು ಅಂಟಿಸಿ. ಎರಡು ತಿಂಗಳು ಧೈರ್ಯವಾಗಿ ಇಡಬಹುದು. ಮುಂದಿನ ಹಬ್ಬಕ್ಕೆ ಹಣ್ಣು ಬೇಗ ಕಳಿಯಬಾರದು ಅಂದರೆ ಬಾಳೆಹಣ್ಣನ್ನು ಸೇಬು, ಪಪಾಯದ ಬುಟ್ಟಿಯಿಂದ ದೂರ ಇಡಿ. ಈ ಹಣ್ಣುಗಳು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಪಕ್ಕದ ಹಣ್ಣನ್ನೂ ಮಾಗಿಸುತ್ತವೆ. ದೇವರ ಮುಂದೆ ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಜೋಡಿಸುತ್ತೇವಲ್ಲ, ಮಂಗಳಾರತಿ ಆದಮೇಲೆ ಬೇರೆ ಬೇರೆ ಮಾಡಿಬಿಡಿ.

ಒಂದು ಕೆಲಸ ಮಾತ್ರ ಮಾಡಬೇಡಿ, ನಾನು ಮಾಡಿ ಅನುಭವಿಸಿದ್ದೇನೆ. ವರ್ಷಗಳ ಹಿಂದೆ ಉಳಿದ ಅನಾನಸ್ ರಸವನ್ನು ಸಕ್ಕರೆ ಹಾಕಿ ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿ ಮಾಡಿ ಅಡುಗೆಮನೆಯ ಶೆಲ್ಫಿನಲ್ಲಿಟ್ಟೆ. ಕುದಿಸಿರಲಿಲ್ಲ, ಸುಮ್ನೆ ಸೋಸಿದ್ದೆ. ಕಳಿತ ಹಣ್ಣಿನ ಮೇಲೆ ಯೀಸ್ಟ್ ಇದ್ದೇ ಇರುತ್ತದೆ. ಅದಕ್ಕೆ ಸಕ್ಕರೆ ಸಿಕ್ಕರೆ ಅನಿಲ ಬಿಡುತ್ತದೆ. ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಪಟಾಕಿ ಹೊಡೆದ ಸದ್ದು. ಹೋಗಿ ನೋಡಿದರೆ ಗಾಜು ಅಕ್ಕಿ ಡಬ್ಬದ ತನಕ ಹಾರಿತ್ತು, ಗೋಡೆಯೆಲ್ಲ ಅಂಟು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ರಸ ಇಡುವುದಾದರೆ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನಕ್ಕೆ ಮುಗಿಸಿ.

ಸಣ್ಣ ನೊಣಗಳಿಗೆ ಒಂದು ಬಟ್ಟಲಲ್ಲಿ ವಿನಿಗರ್, ಅದಕ್ಕೆ ಎರಡು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿಟ್ಟರೆ ಬಂದು ಬೀಳುತ್ತವೆ. ಸಿಪ್ಪೆ, ಬೂಸ್ಟು ಹಿಡಿದ ಹಣ್ಣು ಗೊಬ್ಬರದ ಡಬ್ಬಕ್ಕೆ. ಒಂದು ಪಾಲು ಹಣ್ಣಿಗೆ ಎರಡು ಪಾಲು ಒಣಎಲೆ ಹಾಕದಿದ್ದರೆ ನಾತ ಬರುತ್ತದೆ.

ಕೊನೆಗೆ ನಿಮ್ಮ ಅತ್ತೆಯವರ ವಿಷಯ. ಕಳಿತ ಬಾಳೆಹಣ್ಣು ಅವರಿಗೆ ಬೇಡ. ಹಣ್ಣು ಅದೇ, ತೂಕ ಅದೇ. ಆದರೆ ಪಿಷ್ಟವೆಲ್ಲ ಸಕ್ಕರೆಯಾಗಿರುವುದರಿಂದ ರಕ್ತಕ್ಕೆ ಬೇಗ ಏರುತ್ತದೆ. ಸಕ್ಕರೆ ಹಾಕದೆ ಬರೀ ಹಣ್ಣಿನ ಹಲ್ವ ಮಾಡಿದ್ದೇನೆ, ನೀವೂ ತಿನ್ನಿ ಅಂತ ಕೊಡುವವರಿದ್ದಾರೆ. ನೀರು ಆರಿಸಿ ಆರಿಸಿ ಆರು ಹಣ್ಣಿನ ಸಕ್ಕರೆಯನ್ನು ಒಂದು ಬಟ್ಟಲಿಗೆ ಇಳಿಸಿರುತ್ತೀರಿ, ಅದಕ್ಕೆ ಮೇಲಿಂದ ಸಕ್ಕರೆ ಯಾಕೆ? ಅನಾನಸ್ ಮೆಣಸ್ಕಾಯಿಯನ್ನು ಬೆಲ್ಲ ಹಾಕದೆ ಮಾಡಿದ ದಿನ ಊಟದ ಜೊತೆ ಒಂದು ಚಮಚ ನೆಂಚಿಕೊಳ್ಳಲಿ. ದಿನಕ್ಕೆ ಎಷ್ಟು ಹಣ್ಣು ಅನ್ನುವುದನ್ನು ಅವರ ರಿಪೋರ್ಟ್ ನೋಡಿದ ಡಾಕ್ಟರೇ ಹೇಳಬೇಕು. ತಾಂಬೂಲ ಬಂದ ದಿನವೇ ಚಿಪ್ಪಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿರುವ ಎರಡು ಹಣ್ಣನ್ನು ಅವರ ಪಾಲಿಗೆ ತೆಗೆದಿಡಿ. ಏಲಕ್ಕಿ ಬಾಳೆಯಾದರೆ ಗಾತ್ರವೂ ಸಣ್ಣದು, ಒಂದು ತಿಂದರೆ ಹಬ್ಬದ ಹಣ್ಣು ತಿಂದ ಸಮಾಧಾನ ಅವರಿಗೂ ಇರುತ್ತದೆ.